ಜೀವವಿಕಾಸವನ್ನು ಹಾಡುವುದು ಹೇಗೆ?

ಶಾಲಾ ವಾರ್ಷಿಕೋತ್ಸವದಲ್ಲಿ ಮೀನು, ಕಪ್ಪೆ, ಓತಿ, ಕೋತಿ, ಕೊನೆಗೆ ಮಾನವ - ಹೀಗೆ ವೇಷ ಧರಿಸಿದ ಮಕ್ಕಳು ಹಾಡುತ್ತಾ ಒಬ್ಬರ ಹಿಂದೊಬ್ಬರು ಬರುವುದನ್ನು ನೀವು ನೋಡಿರಬಹುದು. ನೋಡಲು ಸೊಗಸು. ಆದರೆ ಆ ಸಾಲಿನಲ್ಲೇ ಒಂದು ತಪ್ಪಿದೆ.

ಪ್ರಕೃತಿಯ ಕಥೆಯನ್ನು ಸಂಗೀತದಲ್ಲಿ ಹೇಳುವ ಪ್ರಯತ್ನ ಹೊಸದಲ್ಲ. ಡಾರ್ವಿನ್ನರ 'ಪ್ರಭೇದಗಳ ಉಗಮ' ಪ್ರಕಟವಾದದ್ದು 1859ರಲ್ಲಿ. 1886ರಲ್ಲಿ ಫ್ರಾನ್ಸಿನ ಸಂಗೀತಗಾರ ಸ್ಯಾಂ-ಸಾನ್ಸ್ ರಚಿಸಿದ 'ಪ್ರಾಣಿಗಳ ಉತ್ಸವ'ದ 14 ಭಾಗಗಳಲ್ಲಿ ಒಂದರ ಹೆಸರು 'ಪಳೆಯುಳಿಕೆಗಳು'. ಮೂಳೆಗಳ ಸದ್ದನ್ನು ಹೊಮ್ಮಿಸಲು ಆತ ಅಲ್ಲಿ ಮರದ ಪಟ್ಟಿಗಳ ವಾದ್ಯವಾದ ಕ್ಸೈಲೋಫೋನನ್ನು ಬಳಸಿದ. ನಮ್ಮಲ್ಲಿ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು 1980ರಲ್ಲಿ ಕಲಾಜಾಥಾ ಹೊರಡಿಸಿ ಹಾಡು, ಬೀದಿ ನಾಟಕಗಳ ಮೂಲಕ ವಿಜ್ಞಾನವನ್ನು ಹಳ್ಳಿಗಳಿಗೆ ಒಯ್ದಿತು. 1987ರ ಅಕ್ಟೋಬರ್ 2ರಂದು ಹೊರಟ ಭಾರತ ಜನವಿಜ್ಞಾನ ಜಾಥಾದಲ್ಲಿ ಕರ್ನಾಟಕವೂ ಪಾಲ್ಗೊಂಡಿತು. 37 ದಿನಗಳ ಆ ಜಾಥಾ, ಸರ್ ಸಿ.ವಿ. ರಾಮನ್‌ರ ಜನ್ಮದಿನವಾದ ನವೆಂಬರ್ 7ರಂದು, ಅನಿಲ ದುರಂತ ಕಂಡ ಭೋಪಾಲದಲ್ಲಿ ಮುಗಿಯಿತು.

ಈ ಪರಂಪರೆಯನ್ನು ಈಗ ನೆನೆಯಲು ಕಾರಣವಿದೆ. 2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗವನ್ನು ತೆಗೆಯಲಾಯಿತು. ಮುಂದೆ ಜೀವವಿಜ್ಞಾನ ಓದದ ವಿದ್ಯಾರ್ಥಿಗೆ ವಿಕಾಸದ ಪರಿಚಯ ಆಗುವುದು ಶಾಲೆಯ ಹಾಡಿನಿಂದಲೇ ಇರಬಹುದು. ಆದ್ದರಿಂದ ಹಾಡು ಸರಿಯಾಗಿರಬೇಕು.

ತಪ್ಪು ಏನು? ವಿಕಾಸವು ಏಣಿಯಲ್ಲ, ಕವಲೊಡೆಯುವ ಮರ. ಇಂದಿನ ಕೋತಿ ಮಾನವನಾಗಲಿಲ್ಲ; ಇಬ್ಬರಿಗೂ ಒಂದೇ ಪೂರ್ವಜವಿತ್ತು. ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯಲ್ಲಿ ಇದಕ್ಕೊಂದು ಹೋಲಿಕೆ ದೊರೆಯುತ್ತದೆ. ನಾಗರಖಂಡ ಎಪ್ಪತ್ತನ್ನು ಆಳಿದ ಜಕ್ಕಿಯಬ್ಬೆಯ ಬಗೆಗಿನ ಕ್ರಿ.ಶ. 918ರ ಶಾಸನ ಅಲ್ಲಿಯದು. ಆ ಕಾಲದ ಲಿಪಿಯನ್ನು ತಜ್ಞರು 'ಕನ್ನಡ-ತೆಲುಗು ಲಿಪಿ' ಎನ್ನುತ್ತಾರೆ. ಮುಂದೆ ಅದು ಎರಡು ಕವಲಾಯಿತು. ತೆಲುಗು ಲಿಪಿ ಕನ್ನಡವಾಗಲಿಲ್ಲ, ಕನ್ನಡ ಲಿಪಿ ತೆಲುಗಾಗಲಿಲ್ಲ. ಎರಡೂ ಒಂದರಿಂದ ಬಂದವು. ಲಿಪಿ ಬದಲಾದದ್ದು ಬರೆಯುವವರ ಕೈಯಲ್ಲಿ, ಜೀವಿಗಳು ಬದಲಾದದ್ದು ಮುಖ್ಯವಾಗಿ ನಿಸರ್ಗದ ಆಯ್ಕೆಯಿಂದ - ಈ ವ್ಯತ್ಯಾಸವನ್ನು ಮಾತ್ರ ಮಕ್ಕಳಿಗೆ ಹೇಳಲು ಮರೆಯಬೇಡಿ.

ಇನ್ನು ಕಾಲದ ಲೆಕ್ಕ. ಜೀವದ ಇತಿಹಾಸ ಸುಮಾರು 360 ಕೋಟಿ ವರ್ಷ ಎಂದುಕೊಳ್ಳಿ. ಆರು ನಿಮಿಷದ ಹಾಡಿನಲ್ಲಿ ಒಂದು ಸೆಕೆಂಡಿಗೆ ಒಂದು ಕೋಟಿ ವರ್ಷ. ಪ್ರಾಣಿಗಳು ಬರುವುದು ಸುಮಾರು ಕೊನೆಯ ನಿಮಿಷದಲ್ಲಿ. ಡೈನೊಸಾರ್‌ಗಳು ಅಳಿಯುವಾಗ ಉಳಿದಿರುವುದು ಏಳು ಸೆಕೆಂಡಿಗೂ ಕಡಿಮೆ. ಮೂರು ಲಕ್ಷ ವರ್ಷಗಳ ನಮ್ಮ ಪ್ರಭೇದಕ್ಕೆ ಸಿಗುವುದು ಒಂದು ಸೆಕೆಂಡಿನ ನೂರರಲ್ಲಿ ಮೂರು ಪಾಲು. ಒಂದು ಚಿಟಿಕೆ ಹೊಡೆಯಲೂ ಅದು ಸಾಲದು!

ನಿಮ್ಮ ಶಾಲೆಯಲ್ಲಿ ಹೀಗೆ ಪ್ರಯತ್ನಿಸಿ. ಐದು ನಿಮಿಷ ಬರೀ ಶ್ರುತಿ. ಆಮೇಲೆ ಎಲ್ಲರೂ ಕೂಡಿ ಒಂದೇ ಸಾಲನ್ನು ಹಾಡಲಿ. ನಂತರ ಎರಡು ಗುಂಪಾಗಿ, ನಾಲ್ಕಾಗಿ ಕವಲೊಡೆದು, ಪ್ರತಿ ಗುಂಪೂ ಧಾಟಿಯನ್ನು ತುಸು ಬದಲಿಸಲಿ. ಕೆಲವು ಗುಂಪುಗಳು ನಡುವೆಯೇ ಮೌನವಾಗಲಿ. ಮಾನವ ವೇಷದ ಮಗು ಮುಂದೆ ಬಂದು ನಿಲ್ಲುವುದು ಬೇಡ. ಒಂದು ಕೊಂಬೆಯ ತುದಿಯಲ್ಲಿ, ಉಳಿದವರ ಜೊತೆಯಲ್ಲೇ ನಿಂತಿರಲಿ.