ಕೊಡಗಿನಲ್ಲಿ ಯಾರು ಬೇಕಾದರೂ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಬಹುದೇ? ನಿಯಮ ಏನು ಹೇಳುತ್ತದೆ?

ಸೆಪ್ಟೆಂಬರ್ ಮೊದಲ ವಾರ ಕೈಲ್ ಪೊಳ್ದ್ ಹಬ್ಬ ಬಂದಾಗ, ಹೂವು ಮುಡಿಸಿದ ಕೋವಿಗಳ ಫೋಟೊ ಜೊತೆ ವಾಟ್ಸಾಪ್‌ನಲ್ಲಿ ಒಂದು ಮಾತು ಓಡಾಡುತ್ತದೆ: “ಕೊಡಗಿನಲ್ಲಿ ಕೋವಿ ಅಂದರೆ ದೇವರು, ಅಲ್ಲಿ ಲೈಸೆನ್ಸೇ ಬೇಡ.” ಬೈಲಕುಪ್ಪೆ ದಾಟಿ, ಕಾವೇರಿ ಸೇತುವೆ ಆಚೆ ಹೋದರೆ ಕೊಡಗು. ಹಾಗಾಗಿ ಪಿರಿಯಾಪಟ್ಟಣ, ಹುಣಸೂರು, ಭೇರ್ಯದ ಕಡೆ ಇದನ್ನು ಓದಿದವರಿಗೆ “ಹಂದಿ ಕಾಟಕ್ಕೆ ಅಲ್ಲಿಂದಲೇ ಒಂದು ಕೋವಿ ತಂದರಾಯಿತು” ಅನ್ನಿಸಬಹುದು. ಹಾಗೆ ಮಾಡಿದರೆ ಜೈಲು ಸೇರಬೇಕಾಗುತ್ತದೆ. ಏಕೆ ಎಂದು ನೋಡೋಣ.

ಈ ಮಾತು ನಿಜವೇ?

ಅರ್ಧ ನಿಜ. ಕೋವಿ ಕೊಡವರಿಗೆ ಪೂಜೆಯ ವಸ್ತು ಎಂಬುದು ನಿಜ. ಗದ್ದೆ ಕೆಲಸ ಮುಗಿದ ಮೇಲೆ ಬರುವ ಕೈಲ್ ಪೊಳ್ದ್‌ನಲ್ಲಿ ಆಯುಧಗಳನ್ನು ದೇವರ ಕೋಣೆಯಾದ ಕನ್ನಿಕೊಂಬರೆಯಲ್ಲಿಟ್ಟು, ತೋಕ್ ಪೂ, ಅಂದರೆ ಕೋವಿ ಹೂವು ಮುಡಿಸಿ ಪೂಜಿಸುತ್ತಾರೆ. ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ಪದ್ಧತಿಯೂ ಇದೆ.

ಆದರೆ ಲೈಸೆನ್ಸ್ ವಿನಾಯಿತಿ ಬಂದಿರುವುದು ಪೂಜೆಯಿಂದಲ್ಲ, ಸರ್ಕಾರದ ಆದೇಶದಿಂದ.

ವಿನಾಯಿತಿ ಎಲ್ಲಿಂದ ಬಂತು?

1857ರ ದಂಗೆಯ ನಂತರ ಬ್ರಿಟಿಷರು ಜನರಿಂದ ಆಯುಧ ಕಿತ್ತುಕೊಳ್ಳುವ ಕಾನೂನು ತಂದರು. 1861ರಲ್ಲಿ ಕೊಡವರನ್ನು ಅದರಿಂದ ಹೊರಗಿಟ್ಟರು. ಸ್ವಾತಂತ್ರ್ಯದ ನಂತರ ಬಂದ 1959ರ ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 41, ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ನೀಡುತ್ತದೆ. ಅದರಡಿ 1963ರಲ್ಲಿ ಅಧಿಸೂಚನೆ ಬಂತು. 2019ರಲ್ಲಿ ಕೇಂದ್ರ ಇದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು. ಇದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ತಳ್ಳಿಹಾಕಿತು.

ಯಾರಿಗೆ ಸಿಗುತ್ತದೆ?

ಎರಡೇ ವರ್ಗಕ್ಕೆ: ಕೊಡವ ಜನಾಂಗದವರು ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರು. ಜಮ್ಮಾ ಭೂಮಿ ಇದ್ದರೆ ಕೊಡವರಲ್ಲದವರಿಗೂ ಅನ್ವಯಿಸುತ್ತದೆ. ಆದರೆ ಕೊಡಗಿನಲ್ಲಿ ಮನೆ ಮಾಡಿಕೊಂಡಿದ್ದೇವೆ, ಎಸ್ಟೇಟ್ ಕೊಂಡಿದ್ದೇವೆ ಎಂದ ಮಾತ್ರಕ್ಕೆ ಸಿಗುವುದಿಲ್ಲ.

ಜಿಲ್ಲೆಯ ಹೊರಗೂ ಲೆಕ್ಕ ಉಂಟು. 1963ರ ಅಧಿಸೂಚನೆಯ ಪ್ರಕಾರ, ಕೊಡಗಿನ ಹೊರಗೆ ಒಂದು ರೈಫಲ್ ಮತ್ತು 100 ಗುಂಡು, ಒಂದು ಸಾದಾ ನಳಿಗೆಯ ಕೋವಿ ಮತ್ತು 500 ತೋಟಾ ಮೀರುವಂತಿಲ್ಲ.

ಸ್ನೇಹಿತನ ಕೋವಿ ಪಡೆದು ಹೊಲ ಕಾಯಬಹುದೇ?

ಇಲ್ಲ. ವಿನಾಯಿತಿ ಅವರದು, ನಿಮ್ಮದಲ್ಲ. ಲೈಸೆನ್ಸ್ ಇಲ್ಲದೆ ನಿಮ್ಮ ಬಳಿ ಕೋವಿ ಸಿಕ್ಕಿದರೆ 2019ರ ತಿದ್ದುಪಡಿಯಂತೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು, ಜೊತೆಗೆ ದಂಡ. ಬೆಳೆ ಕಾಯಲು ನಳಿಗೆ ಬಾಯಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸ್ ಕೇಳಲು ಅದೇ ಕಾಯ್ದೆಯ ಸೆಕ್ಷನ್ 13ರಲ್ಲಿ ಅವಕಾಶವಿದೆ. ಸರಿಯಾದ ದಾರಿ ಅದು.

ವಿನಾಯಿತಿ ಇದ್ದವರು ಏನು ಬೇಕಾದರೂ ಮಾಡಬಹುದೇ?

ಅದೂ ಇಲ್ಲ. ಕೋವಿ ಇಟ್ಟುಕೊಳ್ಳುವ ಹಕ್ಕು ಬೇಟೆಯಾಡುವ ಹಕ್ಕಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಾಗರಹೊಳೆಯ ಈ ಬದಿಗೂ ಆ ಬದಿಗೂ ಒಂದೇ. ಮದುವೆ, ಜಾತ್ರೆ, ಸಮಾರಂಭದಲ್ಲಿ ಬೇರೆಯವರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಒಟ್ಟಿನಲ್ಲಿ: “ಕೊಡಗಿನಲ್ಲಿ ಕೋವಿಗೆ ಲೈಸೆನ್ಸೇ ಬೇಡ” ಎಂಬುದು ದಾರಿ ತಪ್ಪಿಸುವ ಮಾತು. ವಿನಾಯಿತಿ ಇರುವುದು ಊರಿಗಲ್ಲ, ಕೆಲವರಿಗೆ ಮಾತ್ರ, ಅದೂ ಷರತ್ತಿನ ಮೇಲೆ. ಆಯುಧಪೂಜೆಯ ದಿನ ಕೋವಿಗೆ ಕುಂಕುಮ ಇಟ್ಟರೂ ಕಾನೂನು ಕೇಳುವುದು ಕಾಗದವನ್ನೇ. ಮುಂದಿನ ಸಲ ಆ ಮೆಸೇಜ್ ಬಂದರೆ, ಫಾರ್ವರ್ಡ್ ಮಾಡುವ ಬದಲು ಇದನ್ನು ಕಳಿಸಿ.