‘ಮಹಿಳೆಯರಿಗೆ ಮಾತ್ರ’: ಒಂದು ಫಲಕದ ಕಾನೂನು ಚರಿತ್ರೆ

ವ್ಯಾಯಾಮಶಾಲೆಯ ಬಾಗಿಲಲ್ಲಿ ‘ಮಹಿಳೆಯರಿಗೆ ಮಾತ್ರ’ ಎಂಬ ಫಲಕ ಕಂಡರೆ ನಮಗೆ ಅಚ್ಚರಿಯಾಗುವುದಿಲ್ಲ. ಆದರೆ ಅಮೆರಿಕದಲ್ಲಿ ಈ ಫಲಕ ಮತ್ತೆ ಮತ್ತೆ ನ್ಯಾಯಾಲಯದ ಮೆಟ್ಟಿಲೇರಿದೆ.

ಅಲ್ಲಿನ 1964ರ ನಾಗರಿಕ ಹಕ್ಕುಗಳ ಕಾಯ್ದೆಯು ಹೋಟೆಲು, ಚಿತ್ರಮಂದಿರಗಳಲ್ಲಿ ವರ್ಣ, ಧರ್ಮಗಳ ಭೇದವನ್ನು ನಿಷೇಧಿಸಿತು. ಆ ಭಾಗದಲ್ಲಿ ಲಿಂಗಭೇದದ ಮಾತೇ ಇರಲಿಲ್ಲ. ಆ ಕೊರತೆಯನ್ನು ಹಲವು ರಾಜ್ಯಗಳು ತಮ್ಮದೇ ಕಾನೂನುಗಳಿಂದ ತುಂಬಿದವು. ಗಂಡಸರಿಗೆ ಮೀಸಲಾಗಿದ್ದ ನ್ಯೂಯಾರ್ಕಿನ ಮ್ಯಾಕ್‌ಸೋರ್ಲೀಸ್ ಪಾನಗೃಹ 1970ರಲ್ಲಿ ಹೆಂಗಸರಿಗೂ ತೆರೆದುಕೊಂಡಿತು. ಅದು ಮಹಿಳೆಯರು ಹೋರಾಡಿ ಪಡೆದ ಸಮಾನತೆ.

ಮುಂದೆ ಅದೇ ಸಮಾನತೆಯ ಹೆಸರಿನಲ್ಲಿ ಮಹಿಳೆಯರ ವ್ಯಾಯಾಮಶಾಲೆಗಳ ಬಾಗಿಲನ್ನೂ ತಟ್ಟಲಾಯಿತು. 1992ರಲ್ಲಿ ಪೆನ್ಸಿಲ್ವೇನಿಯದ ನ್ಯಾಯಾಲಯವು, ಪುರುಷರೆದುರು ವ್ಯಾಯಾಮ ಮಾಡಲು ಮುಜುಗರಪಡುವ ಸ್ತ್ರೀಯರ ಖಾಸಗಿತನವನ್ನು ಮನ್ನಿಸಿ ಇಂತಹ ಸಂಸ್ಥೆಯ ಪರ ನಿಂತಿತು. 1997ರಲ್ಲಿ ಮ್ಯಾಸಚೂಸೆಟ್ಸ್‌ನ ನ್ಯಾಯಾಲಯ ಇದಕ್ಕೆ ವಿರುದ್ಧವಾದ ತೀರ್ಪಿತ್ತಿತು. ಬೋಸ್ಟನ್ನಿನ ಮಹಿಳಾ ಜಿಮ್ ಒಂದು ಸದಸ್ಯತ್ವ ನಿರಾಕರಿಸಿದ್ದರಿಂದ ದಾವೆ ಹೂಡಿದ್ದ ಪುರುಷನಿಗೆ ಅಲ್ಲಿ ಗೆಲುವಾಯಿತು. ಮರುವರ್ಷವೇ, 1998ರಲ್ಲಿ, ರಾಜ್ಯದ ಶಾಸನಸಭೆ ಕಾನೂನು ತಿದ್ದಿತು. ಸರಕಾರದ ಹಣ ಪಡೆಯದ ವ್ಯಾಯಾಮಶಾಲೆಗಳು ಒಂದೇ ಲಿಂಗದವರಿಗೆ ಸೀಮಿತವಾಗಿರಬಹುದೆಂದಿತು. ಗಂಡಸರ ಜಿಮ್‌ಗೂ ಈ ವಿನಾಯಿತಿ ಉಂಟು.

ಕನೆಕ್ಟಿಕಟ್‌ನಲ್ಲಿ ಎಲ್ಲರಿಗೂ ತೆರೆದಿದ್ದ ಜಿಮ್‌ಗಳೊಳಗೆ ಮಹಿಳೆಯರಿಗೆಂದು ಪ್ರತ್ಯೇಕ ಭಾಗವಿತ್ತು. ಅದರ ವಿರುದ್ಧ ಪುರುಷರು ದೂರಿತ್ತರು. 2022ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅದನ್ನು ಕಾನೂನುಬಾಹಿರವೆಂದು ಸಾರಿತು. ಸ್ನಾನಗೃಹ, ಉಡುಪು ಬದಲಿಸುವ ಕೋಣೆಗಳಿಗೆ ಶಾಸನದಲ್ಲೇ ವಿನಾಯಿತಿ ಇತ್ತು, ವ್ಯಾಯಾಮದ ಜಾಗಕ್ಕೆ ಇರಲಿಲ್ಲ. ಇಲ್ಲದ ವಿನಾಯಿತಿಯನ್ನು ತಾನಾಗಿ ಸೇರಿಸಲು ನ್ಯಾಯಾಲಯ ಒಪ್ಪಲಿಲ್ಲ.

ನ್ಯಾಯಾಲಯದ ಈ ಎಚ್ಚರಿಕೆಯನ್ನು ನಾವು ಹಗುರವಾಗಿ ಕಾಣಲಾಗದು. ‘ಗಿರಾಕಿಗಳಿಗೆ ಇಷ್ಟವಿಲ್ಲ’ ಎಂಬ ನೆಪವನ್ನೇ ಒಡ್ಡಿ ಹಿಂದೆ ಕರಿಯರನ್ನು ಹೋಟೆಲುಗಳಿಂದ ಹೊರಗಿಡಲಾಗಿತ್ತು. ಆದರೆ ಎಲ್ಲ ಬಾಗಿಲುಗಳೂ ಒಂದೇ ಅಲ್ಲ. ಅಧಿಕಾರವುಳ್ಳವರು ಇತರರನ್ನು ದೂರವಿಡಲು ಮುಚ್ಚುವ ಬಾಗಿಲು ಬೇರೆ, ದಿಟ್ಟಿಸುವ ಕಣ್ಣುಗಳಿಂದ ಬಿಡುವು ಬೇಡುವವರು ಮುಚ್ಚಿಕೊಳ್ಳುವ ಬಾಗಿಲು ಬೇರೆ. ಧಾರ್ಮಿಕ ನಂಬಿಕೆಯಿಂದಲೋ, ಹಿಂದೆ ಅನುಭವಿಸಿದ ಕಿರುಕುಳದ ನೆನಪಿನಿಂದಲೋ ಪುರುಷರೆದುರು ಮೈದಣಿಸಲಾರದ ಹೆಣ್ಣಿಗೆ ಆ ಬಾಗಿಲು ತೆರೆದಿಟ್ಟರೆ ದೊರಕುವುದು ಸಮಾನತೆಯಲ್ಲ, ಮನೆಗೆ ಮರಳುವ ದಾರಿ ಮಾತ್ರ.

ಈ ವ್ಯತ್ಯಾಸವನ್ನು ಗುರುತಿಸುವ ಹೊಣೆಯನ್ನು ಅಂಗಡಿಯ ಮಾಲೀಕನ ಮರ್ಜಿಗೆ ಬಿಡಬಾರದು. ಮ್ಯಾಸಚೂಸೆಟ್ಸ್ ಮಾಡಿದಂತೆ, ಶಾಸನವೇ ಅದನ್ನು ಮಿತಿಯೊಂದಿಗೆ ಸ್ಪಷ್ಟವಾಗಿ ಬರೆದಿಡುವುದು ಲೇಸೆಂದು ನಮಗೆ ತೋರುತ್ತದೆ.