ನಿರಂಶಕರ ಪಾಲು

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಸೀಮೆಯು 1997ರಲ್ಲಿ ಪ್ರತ್ಯೇಕ ಜಿಲ್ಲೆಯ ಅಂಗವಾಗುವುದಕ್ಕೆ ಮೊದಲು ಧಾರವಾಡ ಜಿಲ್ಲೆಗೂ, ಬ್ರಿಟಿಷರ ಕಾಲದಲ್ಲಿ ಆ ಜಿಲ್ಲೆಯ ಮೂಲಕ ಮುಂಬಯಿ ಪ್ರಾಂತಕ್ಕೂ ಸೇರಿದ್ದಿತು. ಇಲ್ಲಿಯ ಹೊಲಮನೆಗಳ ವಾಟಣಿಯ ತಕರಾರು ಕಚೇರಿಯ ಮೆಟ್ಟಿಲನ್ನೇರಿದಾಗ ನ್ಯಾಯಾಧೀಶರು ಪ್ರಮಾಣವೆಂದು ಎತ್ತಿಕೊಳ್ಳುತ್ತಿದ್ದ ಗ್ರಂಥವು ಕನ್ನಡನಾಡಿನಲ್ಲಿಯೇ ಜನಿಸಿದ್ದು: ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ಕಲ್ಯಾಣದಲ್ಲಿ ಕುಳಿತು, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ರಚಿಸಿದ ಮಿತಾಕ್ಷರಾ ವ್ಯಾಖ್ಯಾನ. ಆಸೇತುಹಿಮಾಚಲ ಮಾನ್ಯತೆ ಪಡೆದ ಆ ಕೃತಿಯ ಕೀರ್ತಿಯನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುವಾಗ, ಅದರ ದಾಯವಿಭಾಗ ಪ್ರಕರಣದೊಳಗಿನ ಒಂದು ನಿಯಮವನ್ನು ಸಾಮಾನ್ಯವಾಗಿ ನೆನೆಯುವುದಿಲ್ಲ. ಅಂಧನೂ ಪಂಗುವೂ ಜಡನೂ ಭರ್ತವ್ಯರು, ಆದರೆ ನಿರಂಶಕರು ಎಂಬುದೇ ಆ ನಿಯಮ. ಮನೆಯವರು ಅವರಿಗೆ ಅನ್ನವಸ್ತ್ರಗಳನ್ನು ಕೊಟ್ಟು ಸಾಕತಕ್ಕದ್ದು. ಆಸ್ತಿಯಲ್ಲಿ ಮಾತ್ರ ಪಾಲಿಲ್ಲ. ಅವರ ಮಕ್ಕಳು ನಿರ್ದೋಷಿಗಳಾಗಿದ್ದರೆ ಆ ಪಾಲು ಮಕ್ಕಳಿಗೆ ಸಲ್ಲುವುದುಂಟು.

ಈ ನಿಯಮವು ಎಂಟು ಶತಮಾನಗಳಿಗೂ ಮಿಕ್ಕು ಬಾಳಿತು. 1928ರಲ್ಲಿ ಹಿಂದೂ ವಾರಸಾ ಅನರ್ಹತಾ ನಿವಾರಣ ಕಾಯಿದೆಯು ಬಂದು, ಹುಟ್ಟುಬುದ್ಧಿಮಾಂದ್ಯರನ್ನೂ ಹುಟ್ಟುಹುಚ್ಚರನ್ನೂ ಹೊರತುಪಡಿಸಿ ಉಳಿದವರ ಮೇಲಿನ ನಿಷೇಧವನ್ನು ತೆಗೆಯಿತು. ಉಳಿದ ಶೇಷವನ್ನು 1956ರ ಉತ್ತರಾಧಿಕಾರ ಕಾಯಿದೆಯು ಅಳಿಸಿಹಾಕಿತು. ಸಾಕುವುದು ಬೇರೆ, ಪಾಲು ಕೊಡುವುದು ಬೇರೆ ಎಂಬ ಈ ಭೇದವನ್ನು ಓದುಗರು ಮನಸ್ಸಿನಲ್ಲಿಟ್ಟುಕೊಂಡರೆ, ಮುಂದೆ ಹೇಳಲಿರುವ ಗಣಕಯಂತ್ರಗಳ ಕಥೆಯು ಅಷ್ಟೇನೂ ಹೊಸದಲ್ಲವೆಂದು ತಿಳಿಯುವುದು.

1928ರ ಆ ಕಾಯಿದೆ ಬಂದಾಗ ಇದೇ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಅಂಧ ಗಾಯಕರೊಬ್ಬರಿಗೆ ಮೂವತ್ತಾರು ವರ್ಷ. ಅವರೇ ಪಂಚಾಕ್ಷರ ಗವಾಯಿಗಳು. ಅವರನ್ನು ಬೆಳಕಿಗೆ ತಂದ ಹಾನಗಲ್ಲ ಕುಮಾರಸ್ವಾಮಿಗಳು ರಾಣೆಬೆನ್ನೂರು ತಾಲೂಕಿನ ಜೋಯಿಸರಹರಳಹಳ್ಳಿಯಲ್ಲಿ 1867ರಲ್ಲಿ ಹುಟ್ಟಿದವರು. ವೀರಶೈವ ಮಹಾಸಭೆಯನ್ನೂ ಶಿವಯೋಗಮಂದಿರವನ್ನೂ ಕಟ್ಟಿದ ಆ ಕರ್ತೃತ್ವಶಾಲಿಗಳು, ದಾರಿದ್ರ್ಯದಲ್ಲಿ ಹಾಡಿಕೊಂಡಿದ್ದ ಒಬ್ಬ ಹುಡುಗನ ಕಂಠವನ್ನು ಗುರುತಿಸಿ ಸಂಗೀತಶಿಕ್ಷಣಕ್ಕೆ ಏರ್ಪಾಡು ಮಾಡಿಸಿದುದು ಅವರ ಮಿಕ್ಕೆಲ್ಲ ಕಾರ್ಯಗಳಿಗಿಂತ ಕಿರಿದೆಂದು ನನಗೆ ತೋರುವುದಿಲ್ಲ. ಪಂಚಾಕ್ಷರ ಗವಾಯಿಗಳಿಂದ ಗದಗಿನ ವೀರೇಶ್ವರ ಪುಣ್ಯಾಶ್ರಮವೂ, ಆ ಆಶ್ರಮದಲ್ಲಿ ಅವರ ಉತ್ತರಾಧಿಕಾರಿಯಾಗಿ ಪುಟ್ಟರಾಜ ಗವಾಯಿಗಳೂ ಬಂದರು. ದೇವಗಿರಿಯಲ್ಲಿ 1914ರಲ್ಲಿ ಜನಿಸಿ, ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡು, 2010ರವರೆಗೆ ಬಾಳಿದ ಪುಟ್ಟರಾಜರು ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲಿಯೂ ಗ್ರಂಥರಚನೆ ಮಾಡಿದರು. ಭಗವದ್ಗೀತೆಯನ್ನು ಬ್ರೈಲಿಗೆ ಇಳಿಸಿದರೆಂಬುದು ಈ ಕಡೆ ಮನೆಮಾತು. ಗುರುವು ಹಾಡಿದ ಸ್ವರವನ್ನು ಶಿಷ್ಯನು ಮರಳಿ ಹಾಡಿ, ತಾಳವನ್ನು ತೊಡೆಯ ಮೇಲೆ ಎಣಿಸಿ, ನೂರಾರು ಚೀಜುಗಳನ್ನೂ ವಚನಗಳನ್ನೂ ಕಂಠಸ್ಥ ಮಾಡಿಕೊಳ್ಳುವ ಆ ಪದ್ಧತಿಯಲ್ಲಿ ಅಕ್ಷರವು ಅಡ್ಡಿಯಾಗಲಿಲ್ಲ. ವಿದ್ಯೆಯು ಕಿವಿಯ ಹಾದಿಯಲ್ಲಿಯೇ ಬಂದಿತು. ಆದರೆ ಆ ಹಾದಿಯು ಗಾಯನಕ್ಕೂ ಪುರಾಣಪ್ರವಚನಕ್ಕೂ ಒಯ್ಯುತ್ತಿದ್ದಿತೇ ಹೊರತು ಉತಾರ, ಖಾತೆ, ಸರ್ಕಾರಿ ಆದೇಶ, ಪೇಟೆಯ ಧಾರಣೆ ಮುಂತಾದ ಲೌಕಿಕ ಕಾಗದಗಳ ಬಳಿಗಲ್ಲ. ಅವುಗಳಿಗಾಗಿ ಗವಾಯಿಗಳ ಶಿಷ್ಯನೂ ಕಣ್ಣುಳ್ಳವನೊಬ್ಬನನ್ನು ಕರೆದು ಓದಿಸಬೇಕಾಗಿತ್ತು.

ಮೈಸೂರಿನಲ್ಲಿ ಮೂಕರಿಗೂ ಅಂಧರಿಗೂ ಶಾಲೆಯೊಂದು 1901ರಲ್ಲಿಯೇ ಆರಂಭವಾಗಿದ್ದಿತಾದರೂ ಅದು ಬೇರೆ ಸಂಸ್ಥಾನದ ಮಾತು. ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ಭಾರತಿ ಬ್ರೈಲ್ 1951ರಲ್ಲಿ ಅಂಗೀಕೃತವಾಯಿತು. ಆರು ಚುಕ್ಕೆಗಳ ಆ ಪುಸ್ತಕಗಳು ದಪ್ಪ, ಭಾರ, ದುಬಾರಿ. ನಿನ್ನೆ ಹೊರಟ ಆದೇಶವನ್ನು ಇಂದೇ ಮುದ್ರಿಸಿ ಹಂಚುವ ಸಾಮರ್ಥ್ಯ ಅವಕ್ಕಿರಲಿಲ್ಲ.

ಆ ಸಾಮರ್ಥ್ಯವು ಬಂದದ್ದು ಪರದೆಯ ಮೇಲಿನ ಅಕ್ಷರವನ್ನು ಧ್ವನಿಯಾಗಿ ಮಾರ್ಪಡಿಸುವ ಸ್ಕ್ರೀನ್ ರೀಡರ್ ತಂತ್ರಾಂಶದಿಂದ. 2006ರಲ್ಲಿ ಆಸ್ಟ್ರೇಲಿಯದ ಮೈಕೆಲ್ ಕರ್ರನ್ ಎಂಬ ಅಂಧ ತರುಣನು ಎನ್‌ವಿಡಿಎ ಎಂಬುದನ್ನು ಆರಂಭಿಸಿ ಅದನ್ನು ಉಚಿತವಾಗಿ ಹಂಚಿದ ಮೇಲೆ, ಬಡವರ ಮನೆಗೂ ಅದು ಬರುವ ಹಾದಿ ತೆರೆಯಿತು; ಇ-ಸ್ಪೀಕ್ ಎಂಬ ಧ್ವನಿಯಂತ್ರವು ಕನ್ನಡವನ್ನೂ, ಕೊಂಚ ಲೋಹದ ದನಿಯಲ್ಲಿಯಾದರೂ, ಓದಿತು. ಆದರೆ ಕನ್ನಡಕ್ಕೆ ಪ್ರತ್ಯೇಕವಾದ ಒಂದು ತೊಡಕು ಇಲ್ಲಿ ಕಾದುಕೊಂಡಿದ್ದಿತು. ಯೂನಿಕೋಡ್ ಶಿಷ್ಟತೆಯಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ, ನಮ್ಮ ಕಚೇರಿಗಳೂ ಮುದ್ರಣಾಲಯಗಳೂ ಬಹುಕಾಲ ‘ನುಡಿ’ ಎಂಬ ತಂತ್ರಾಂಶವೇ ಮೊದಲಾದವುಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದವು. ಆ ಶೈಲಿಗಳಲ್ಲಿ ಯಂತ್ರದ ಉದರದಲ್ಲಿರುವುದು ರೋಮನ್ ಲಿಪಿಯ ಸಂಕೇತಗಳು, ಕನ್ನಡವು ಅವುಗಳ ಮೇಲೆ ಹೊದಿಸಿದ ಚಿತ್ರಮಾತ್ರ. ಕಣ್ಣಿಗೆ ಮುತ್ತಿನಂತೆ ಕಾಣುವ ‘ಕನ್ನಡ’ ಎಂಬ ಪದವು ಸ್ಕ್ರೀನ್ ರೀಡರಿಗೆ ಸಿಕ್ಕುವ ಕ್ರಮವೇನೆಂದರೆ: ದೊಡ್ಡ ಪಿ, ತಲೆಯ ಮೇಲೆ ಓರೆಗೆರೆಯಿರುವ ಎ, ಇಂಗ್ಲೆಂಡಿನ ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನರ ಎಸ್ ಜೋಡಿಯ ಅಕ್ಷರ, ಸಣ್ಣ ಕ್ಯೂ, ಪುನಃ ಎ. ಹೀಗೆ ಬರೆದ ಒಂದು ಸುತ್ತೋಲೆಯನ್ನು ಆಲಿಸುವುದೆಂದರೆ ಏನೆಂಬುದನ್ನು ವಾಚಕರೇ ಊಹಿಸಿಕೊಳ್ಳಬೇಕು. ಇದನ್ನು ಯೂನಿಕೋಡಿಗೆ ಮಾರ್ಪಡಿಸುವ ಸಾಧನಗಳುಂಟು, ಕೆಲಸವೂ ಕಷ್ಟದ್ದಲ್ಲ. ಅದಕ್ಕಿಂತ ಕೆಟ್ಟದ್ದು, ಸಹಿಮೊಹರುಗಳ ಮೋಹದಿಂದ ಆದೇಶದ ಹಾಳೆಯನ್ನು ಸ್ಕ್ಯಾನ್ ಮಾಡಿ ಜಾಲತಾಣಕ್ಕೆ ಏರಿಸುವ ನಮ್ಮ ರೂಢಿ. ಅಲ್ಲಿ ತಪ್ಪು ಅಕ್ಷರವೂ ಇಲ್ಲ, ಇರುವುದು ಕಾಗದದ ಭಾವಚಿತ್ರ, ಅದರ ಮುಂದೆ ಯಂತ್ರವು ಮೌನ ತಾಳುತ್ತದೆ. ಮನುಷ್ಯನೇ ಹೌದೋ ಅಲ್ಲವೋ ಎಂದು ಪರೀಕ್ಷಿಸಲು ವಕ್ರಾಕ್ಷರಗಳನ್ನು ತೋರಿಸಿ ಬರೆಯಿರೆನ್ನುವ ಕ್ಯಾಪ್ಚಾ ಎಂಬ ದ್ವಾರಪಾಲಕನಂತೂ ಅಂಧನನ್ನು ಮನುಷ್ಯಕೋಟಿಯಿಂದಲೇ ಹೊರಗಿಡುತ್ತಾನೆ.

ಕಾಯಿದೆಯು ಇತ್ತ ನಿಧಾನವಾಗಿ ನಡೆದು ಬಂದಿತು. 1995ರ ಅಂಗವಿಕಲರ ಕಾಯಿದೆಯು ರಸ್ತೆ, ಕಟ್ಟಡ, ವಾಹನಗಳ ಮಾತನ್ನಾಡಿತು. ಜಾಲತಾಣವು ಅದರ ಕಲ್ಪನೆಗೆ ಬಂದಿರಲಿಲ್ಲ. ಅಂಗವಿಕಲರ ಹಕ್ಕುಗಳನ್ನು ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತವು 2007ರಲ್ಲಿ ಅನುಮೋದಿಸಿತು. 2009ರಲ್ಲಿ ಸರ್ಕಾರಿ ಜಾಲತಾಣಗಳಿಗೆ ಮಾರ್ಗಸೂಚಿ ಹೊರಟಿತು, ಸೂಚಿಯಾಗಿಯೇ ಉಳಿಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಮಾತ್ರ ಮಾಹಿತಿ ಮತ್ತು ಸಂಪರ್ಕ ತಂತ್ರಜ್ಞಾನವನ್ನು ಹೆಸರು ಹಿಡಿದು ತನ್ನ 42ನೆಯ ಕಲಮಿನಲ್ಲಿ ಹೇಳಿ, 40ನೆಯ ಕಲಮಿನಲ್ಲಿ ಕೇಂದ್ರ ಸರ್ಕಾರವು ಪ್ರಮಾಣಗಳನ್ನು ನಿಗದಿಪಡಿಸತಕ್ಕದ್ದೆಂದು ವಿಧಿಸಿತು. ಮರುವರ್ಷ ಬಂದ ನಿಯಮಾವಳಿಯ 15ನೆಯ ನಿಯಮವಾದರೋ ಈ ವಿಧಿಯನ್ನು ಕೇವಲ ಮಾರ್ಗದರ್ಶನದ ಮಟ್ಟಕ್ಕೆ ಇಳಿಸಿತು. ಇದು ನನ್ನ ದೃಷ್ಟಿಯಲ್ಲಿ ಮಿತಾಕ್ಷರದ ಹಳೆಯ ಹಂಚಿಕೆಯೇ: ದಯೆಯುಂಟು, ಪಾಲಿಲ್ಲ. ರಾಜೀವ್ ರತೂರಿ ಎಂಬ ಅಂಧ ವಾದಿಯು ಹೂಡಿದ್ದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರ್ 8ರಂದು ಆ ನಿಯಮವು ಮೂಲ ಕಾಯಿದೆಗೇ ವಿರುದ್ಧವೆಂದು ನಿರ್ಣಯಿಸಿ, ಕಡ್ಡಾಯವಾದ ಪ್ರಮಾಣಗಳನ್ನು ಮೂರು ತಿಂಗಳಲ್ಲಿ ರಚಿಸಬೇಕೆಂದು ಆಜ್ಞಾಪಿಸಿತು. 2025ರ ಏಪ್ರಿಲ್ 30ರಂದು, ಬ್ಯಾಂಕಿನ ಗುರುತುಪರೀಕ್ಷೆಗಾಗಿ ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಿರೆಂದು ಕೇಳಿಸಿಕೊಂಡ ಆಸಿಡ್ ಸಂತ್ರಸ್ತರೂ ಒಬ್ಬ ಅಂಧ ವಕೀಲರೂ ತಂದ ಅರ್ಜಿಗಳ ಮೇಲೆ, ಡಿಜಿಟಲ್ ಸೌಲಭ್ಯದ ಪ್ರವೇಶವು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನೊಳಗೇ ಅಡಕವೆಂದು ಅದೇ ನ್ಯಾಯಾಲಯವು ಸಾರಿತು.

ಇನ್ನು ಬ್ಯಾಡಗಿಯ ಪೇಟೆಯ ಮಾತು. ಸೋಮವಾರ, ಗುರುವಾರಗಳಂದು ನೆರೆಯುವ ಆ ಮೆಣಸಿನಕಾಯಿಯ ಸಂತೆಯಲ್ಲಿ ಗಿಡ್ಡಗೆ ಉಬ್ಬಿದ ಡಬ್ಬಿಯನ್ನೂ ಸಪೂರವಾಗಿ ನೀಳವಾದ ಕಡ್ಡಿಯನ್ನೂ ಬೇರ್ಪಡಿಸಲು ಬೆರಳೇ ಸಾಕು. ಒಣಗಿದ ಕಾಯಿ ಮುರಿಯುವ ಸದ್ದೂ, ಹಸಿಯಿದ್ದದ್ದು ಬಾಗುವ ಬಗೆಯೂ, ಮೂಗಿಗೆ ಬಡಿಯುವ ಘಾಟೂ ಮಾಲಿನ ಗುಣವನ್ನು ಹೇಳಿಬಿಡುತ್ತವೆ. 2011ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆಯನ್ನು ಪಡೆದ ಆ ಕಾಯಿಯ ಹೆಸರು ನಿಂತಿರುವುದು ಅದರ ಕೆಂಪಿನ ಮೇಲೆಂಬುದು ನಿಜ. ಅದೊಂದನ್ನು ಅಂಧ ರೈತನು ಕೇಳಿಯೇ ತಿಳಿಯಬೇಕು. ಕಾಗದದ ಚೀಟಿಯ ಕಾಲದಲ್ಲಿ ಧಾರಣೆಯನ್ನೂ ದಲಾಲಿಯ ಬಾಯಿಂದಲೇ ಕೇಳಬೇಕಾಗಿತ್ತು. 2014ರಿಂದ ರಾಜ್ಯದ ಮಾರುಕಟ್ಟೆಗಳನ್ನು ಒಂದೇ ಜಾಲಕ್ಕೆ ಜೋಡಿಸುತ್ತ ಬಂದ ಇ-ಟೆಂಡರ್ ಬ್ಯಾಡಗಿಗೂ ಬಂದ ಮೇಲೆ, ಆ ಅಂಕಿಯನ್ನು ರೈತನ ಕಿಸೆಯಲ್ಲಿರುವ ಫೋನೇ ಓದಿ ಹೇಳಬಲ್ಲದು. ಮಧ್ಯಸ್ಥನ ಹಂಗು ತಪ್ಪುವ ಈ ಲಾಭವು ಸಾಮಾನ್ಯವಾದುದಲ್ಲ. ಆದರೆ ದರದ ಪಟ್ಟಿಯನ್ನು ಫೋಟೋ ಹಿಡಿದು ವಾಟ್ಸ್ಆ್ಯಪಿನಲ್ಲಿ ಹಂಚಿದರೆ ಫೋನಿಗೆ ಓದಲು ಅಕ್ಷರವೇ ದೊರೆಯದೆ ಹೋಗಬಹುದು. ಜಾಲಪುಟದಲ್ಲಿಟ್ಟರೂ ಕೋಷ್ಟಕದ ಶಿರೋನಾಮಗಳನ್ನು ಶಿರೋನಾಮಗಳೆಂದು ಗುರುತಿಸದಿದ್ದರೆ ಸಾಲಾಗಿ ಮೂರು ಅಂಕಿಗಳು ಕಿವಿಗೆ ಬೀಳುವುವು, ಯಾವುದು ಕನಿಷ್ಠ, ಯಾವುದು ಗರಿಷ್ಠ, ಯಾವುದು ಮಾದರಿ ದರವೆಂದು ತಿಳಿಯದು. ಆ ಗುರುತು ಹಾಕುವುದು ಪುಟ ಕಟ್ಟುವವನಿಗೆ ಅರ್ಧ ಗಳಿಗೆಯ ಕೆಲಸ. ಮೇಲೆ ಹೇಳಿದ 2016ರ ಕಾಯಿದೆಯನ್ನು ಉಲ್ಲಂಘಿಸಿದವರಿಗೆ ಅದರ 89ನೆಯ ಕಲಮು ಮೊದಲ ಬಾರಿಗೆ 10,000 ರೂಪಾಯಿಗಳವರೆಗೆ, ಮರುಕಳಿಸಿದರೆ 50,000ಕ್ಕೆ ಕಡಿಮೆಯಿಲ್ಲದಂತೆ 5 ಲಕ್ಷದವರೆಗೆ ದಂಡವನ್ನು ಗೊತ್ತುಪಡಿಸಿದೆ.